ಹಳದಿ ನೂಲಿನ ಹೆಸರು

ಪೂಂಬಾರೈ, ಕೊಡೈಕಾನಲ್ ಬೆಟ್ಟ
20 ಅಕ್ಟೋಬರ್ 2024

ಅಕ್ಕ ಪೊನ್ನಮ್ಮಾಳಿಗೆ ತಮ್ಮ ದುರೈ ಕೈಮುಗಿದು ಬರೆಯುವುದು.

ನಿನ್ನ ಕಿವಿ ಪೂರ್ತಿ ಮಂದವಾಗಿದೆ, ಫೋನಿನಲ್ಲಿ ಏನು ಕೇಳಿದರೂ "ಆಂ, ಆಂ" ಅನ್ನುತ್ತೀಯ ಅಂತ ಮಗಳು ಅಭಿರಾಮಿ ಹೇಳಿದಳು. ಅದಕ್ಕೇ ಈ ಕಾಗದ. ಅಪ್ಪ ಬರೆಯುತ್ತಿದ್ದ ಹಾಗೆ ನಮ್ಮ ಮನೆಮಾತು ಕನ್ನಡವನ್ನು ತಮಿಳಕ್ಷರದಲ್ಲಿ ಕೂರಿಸಿ ಬರೆಯುತ್ತಿದ್ದೇನೆ. ಅಭ್ಯಾಸ ತಪ್ಪಿ ಕೈ ತಡವರಿಸುತ್ತಿದೆ. ತಪ್ಪಿದ್ದರೆ ತಿದ್ದಿಕೊಂಡು ಓದು.

ಇಲ್ಲಿ ಮಳೆ ಬಿಟ್ಟಿಲ್ಲ. ಎರಡನೇ ಬೆಳೆಯ ಬೆಳ್ಳುಳ್ಳಿಗೆ ಮಣ್ಣು ಹದ ಮಾಡುತ್ತಿದ್ದೇವೆ. ಅಭಿರಾಮಿಗೆ ಕೊಡೈಕಾನಲ್ಲಿನ ಇಸ್ಕೂಲಿನಲ್ಲಿ ಟೀಚರ್ ಕೆಲಸ ಸಿಕ್ಕಿದ್ದು ನಿನಗೆ ಗೊತ್ತಲ್ಲ. ಅಳಿಯ ದಿಂಡಿಗಲ್ಲಿನ ಈರುಳ್ಳಿ ಮಂಡಿ ಬಿಟ್ಟು ಬರುವ ಹಾಗಿಲ್ಲ, ಶನಿವಾರ ಬಂದು ಹೋಗುತ್ತಾನೆ. ಮಗಳೂ ಅವಳ ಮಗ ಕಾರ್ತಿಯೂ ಜೂನ್‌ನಿಂದ ನನ್ನ ಮನೆಯಲ್ಲೇ ಇದ್ದಾರೆ. ನನ್ನವಳು ಕಣ್ಣಮ್ಮಾಳ್ ತೀರಿಕೊಂಡ ಮೇಲೆ ಸುಮ್ಮನಾಗಿದ್ದ ಅಡುಗೆಮನೆಯಲ್ಲಿ ಈಗ ದಿನಾ ಗಲಾಟೆ.

ವಿಷಯಕ್ಕೆ ಬರುತ್ತೇನೆ. ಕಾರ್ತಿಗೆ ಏಳು ತುಂಬಿತು. ದಿಂಡಿಗಲ್ಲಿನ ಬಿಸಿಲಲ್ಲಿ ಬೆಳೆದ ಹುಡುಗ, ಈ ಚಳಿ ಕಂಡವನಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಊಟದ ಚೀಲ ಹಲ್ಲಲ್ಲಿ ಕಚ್ಚಿಕೊಂಡು, ಎರಡು ಕೈಯಲ್ಲೂ ಕಿವಿ ಮುಚ್ಚಿಕೊಂಡು ನಿಲ್ಲುತ್ತಾನೆ. ಇನ್ನು ಮಾರ್ಗಳಿ ತಿಂಗಳು ಬಂದರೆ ಏನು ಗತಿ? ನಮ್ಮ ಮನೆಯ ಕಿವಿಕಟ್ಟು ನಿನ್ನ ಟ್ರಂಕಿನಲ್ಲಿದೆ. ಅದನ್ನು ಬಿಚ್ಚಿ ಇವನ ಅಳತೆಗೆ ಹೆಣೆದುಕೊಡು. ಮಗಳ ಮಗನಾದರೂ ಈ ಮನೆಯಲ್ಲಿ ಬೆಳೆಯುವ ಹುಡುಗ ತಾನೇ. ಯಾವ ಬಣ್ಣ ಬೇಕು ಅಂತ ಕೇಳಿದೆ, ನೀಲಿ ಅಂದ. ನೂಲು ಕಳಿಸುತ್ತೇನೆ.

ನನಗೆ ಬರಲು ಆಗುವುದಿಲ್ಲ. ಬೆಳ್ಳುಳ್ಳಿ ಊರುವ ಕಾಲ, ಆಳು ಸಿಗುವುದಿಲ್ಲ. ಬಿಚ್ಚಿದ ನೂಲು ಹಿಡಿಯಲು ಒಂದು ಕುರ್ಚಿ ತಿರುಗಿಸಿ ಹಾಕಿಕೋ, ಅದಕ್ಕೆ ಸುತ್ತಿದರೆ ಆಯಿತು. ಈಗ ಎಲ್ಲರೂ ಹಾಗೇ ಮಾಡುತ್ತಾರೆ.

ನಿನ್ನ ತಮ್ಮ,
ದುರೈ


ಚಿನ್ನಮನೂರು
31 ಅಕ್ಟೋಬರ್ 2024, ದೀಪಾವಳಿ

ದುರೈ,

ಹೇಳೋಳು ನಾನು, ಬರೆಯೋಳು ಮೊಮ್ಮಗಳು ಇಂದುಜಾ. ನನ್ನ ಕನ್ನಡಕದ ಕಾಲು ಮುರಿದಿದೆ. ನಿನ್ನ ಕಾಗದಾನ ಇವಳು ನನ್ನ ಕಿವಿಗೆ ಬಾಯಿಟ್ಟು ಕೂಗಿ ಓದಿದಳು. ಬೀದಿಗೆಲ್ಲ ಕೇಳಿಸಿರಬೇಕು, ನಿನ್ನ ಬೆಳ್ಳುಳ್ಳಿಯ ಸುದ್ದಿ.

ಓದಿ ಮುಗಿಸಿ "ಕಿವಿಕಟ್ಟು ಅಂದ್ರೆ ಮಫ್ಲರ್ ತಾನೇ ಪಾಟಿ?" ಅಂದಳು. ಕಾಲೇಜು ಓದೋ ಹುಡುಗಿ. ಮಫ್ಲರ್ ಅಂಗಡೀಲಿ ಸಿಗುತ್ತೆ, ಕಿವಿಕಟ್ಟು ಸಿಗಲ್ಲ ಕಣೇ ಅಂದೆ. ನೀನೂ ಮರೆತ ಹಾಗಿದೆ, ಅದಕ್ಕೆ ಇವಳಿಗೆ ಹೇಳಿದ್ದನ್ನೇ ನಿನಗೂ ಬರೆಸ್ತೀನಿ.

ಹಿಂದೆ ಗದ್ದೆ ಕುಯ್ಲಾದ ಮೇಲೆ ದನ ಹೊಡ್ಕೊಂಡು ಬೆಟ್ಟ ಹತ್ತೋರು ನಮ್ಮ ಮನೆ ಹುಡುಗರು. ಹೆಣ್ಣುಮಕ್ಕಳು ಕೆಳಗೇ ಇರ್ತಿದ್ದೆವು, ಅದಕ್ಕೆ ನಮಗೆ ಕಿವಿಕಟ್ಟಿಲ್ಲ. ನಮ್ಮಪ್ಪ ಕರುಪ್ಪಯ್ಯ ಹುಡುಗನಾಗಿದ್ದಾಗ ಅವನ ಅತ್ತೆ ಕೊಡೈಕಾನಲ್ಲಿನ ಯಾವುದೋ ಬಂಗಲೆಯಲ್ಲಿ ಪಾತ್ರೆ ತೊಳೀತಾ ಹೆಣಿಗೆ ಕಲಿತಳು. ಸೈಕಲ್ ಚಕ್ರದ ಎರಡು ಕಡ್ಡಿ ಉಜ್ಜಿ ಸೂಜಿ ಮಾಡಿಕೊಂಡು ಅವನಿಗೆ ಕಂದು ನೂಲಲ್ಲಿ ಒಂದು ಪಟ್ಟಿ ಹೆಣೆದಳು. ಕಿವಿ ಮುಚ್ಚಿ ಗದ್ದದ ಕೆಳಗೆ ಗಂಟು. ಅದೇ ಶುರು. ಮನೆಗೆಲ್ಲ ಒಂದೇ ಕಿವಿಕಟ್ಟು. ಮುಂದಿನ ಹುಡುಗ ಬಂದಾಗ ಅದನ್ನ ಪೂರ್ತಿ ಬಿಚ್ಚಿ, ಅಂಟುವಾಳದಲ್ಲಿ ತೊಳೆದು, ಅವನ ಬಣ್ಣ ಒಂದು ಸೇರಿಸಿ ಮತ್ತೆ ಹೆಣೆಯೋದು. ಹೆಣೆಯೋಳು ಹುಡುಗನ ಅತ್ತೆ. ಬಿಚ್ಚಿದ ನೂಲಿಗೆ ಕೈ ಚಾಚಿ ಕೂರೋನು, ಅಲ್ಲೀವರೆಗೆ ಅದನ್ನ ಹಾಕ್ಕೊಂಡಿದ್ದೋನು. ಬಣ್ಣ ಬದಲಾದ ಹಾಗೆಲ್ಲ ಆ ಬಣ್ಣ ಯಾರದ್ದೋ ಅವರ ಹೆಸರನ್ನ ಅವನು ಬಾಯಿಬಿಟ್ಟು ಹೇಳಬೇಕು.

ಕುರ್ಚಿಗೆ ಕೈ ಇದೆ ದುರೈ, ಬಾಯಿ ಇದೆಯಾ?

ಕಂದು ಕರುಪ್ಪಯ್ಯ. ಹಸಿರು ದುರೈ. ಹಳದಿ ನಿನ್ನ ಮಗ ಮನೋಜ್‌ಕುಮಾರ್. ರೋಡ್ ರೋಲರ್ ಹಳದೀನೇ ಬೇಕು ಅಂತ ನೆಲಕ್ಕೆ ಬಿದ್ದು ಹೊರಳಾಡಿದ್ದ, ಆ ಬಣ್ಣಕ್ಕಾಗಿ ತೇನಿ ಬಜಾರೆಲ್ಲ ಸುತ್ತಿದೆ. ಬೇಸಿಗೆ ಬಂದರೆ ಕಿವಿಕಟ್ಟು ನನ್ನ ಹತ್ತಿರ ಇಳೀತಿತ್ತು, ಮೇಲಿನ ತೇವಕ್ಕೆ ಬೂಸ್ಟು ಹಿಡೀಬಾರದು ಅಂತ. ಆ ವರ್ಷ ಚಿತ್ತಿರೆಯಲ್ಲೂ ಬಂತು. ಹಿಂದೆಯೇ ಹುಡುಗನಿಗೆ ಮೆದುಳು ಜ್ವರ ಅನ್ನೋ ಸುದ್ದಿ ಬಂತು. ಹನ್ನೆರಡು ತುಂಬಿರಲಿಲ್ಲ. ಕಿವಿಕಟ್ಟು ಇಲ್ಲೇ ಉಳೀತು.

ಬಿಚ್ಚೋ ತುದಿ ಹಳದಿಯಲ್ಲೇ ಇದೆ. ಅವನ ಹೆಸರು ಹೇಳದೆ ಮೊದಲ ಸಾಲೂ ಬಿಚ್ಚೋ ಹಾಗಿಲ್ಲ. ಅವನ ಕೈ ಇಲ್ಲ. ಅವನಿಗಿಂತ ಮೊದಲು ಹಾಕ್ಕೊಂಡಿದ್ದೋನು ನೀನು. ಬಾ, ಕೈ ಚಾಚು, ಹೆಸರು ಹೇಳು, ಅವತ್ತೇ ಬಿಚ್ಚೋಣ. ಇಷ್ಟುದ್ದ ಕಾಗದದಲ್ಲಿ ಒಂದು ಸಲವೂ ಅವನ ಹೆಸರು ಬರೆದಿಲ್ಲ ನೀನು, "ನಮ್ಮ ಮನೆಯ ಕಿವಿಕಟ್ಟು" ಅಂತ ಜಾರಿಕೊಂಡಿದ್ದೀಯ. ಕಣ್ಣಮ್ಮಾಳ್ ಇರೋವರೆಗೆ ಹೆತ್ತವಳು ಹೇಳ್ತಿದ್ದಳು. ಈಗ ನಿನ್ನ ಮನೇಲಿ ಆ ಹೆಸರು ಹೇಳೋರು ಯಾರು? ಹೆಸರಿಲ್ಲದೆ ಬಿಚ್ಚಿದರೆ ಅದು ಬರೀ ಹಳದಿ ನೂಲು. ಆ ಪಾಪ ನಾನು ಕಟ್ಟಿಕೊಳ್ಳಲ್ಲ.

ಇನ್ನೊಂದು. ನಡುವೆ, ನಿನ್ನ ಹಸಿರು ಇರೋ ಕಡೆ, ಹಿಗ್ಗಿ ಜಾಳುಜಾಳಾಗಿದೆ. ಬೆಳ್ಳುಳ್ಳಿ ಮೂಟೆ ಕಟ್ಟಿದ್ದೀಯ ಅದರಲ್ಲಿ. ಇಷ್ಟು ವರ್ಷ ಕೇಳಿರಲಿಲ್ಲ, ಈಗ ಕೇಳ್ತಿದ್ದೀನಿ.

ಅಕ್ಕ


ಪೂಂಬಾರೈ
12 ನವೆಂಬರ್ 2024

ಅಕ್ಕನಿಗೆ,

ಕಾಗದ ಬಂತು. ನಿನ್ನ ಕೈಬರಹ ಇಲ್ಲ. ಕನ್ನಡಕ ಮುರಿದಿದ್ದರೆ ಚಿನ್ನಮನೂರಿನಲ್ಲಿ ರಿಪೇರಿ ಮಾಡುವವರಿಲ್ಲವೇ? ನನ್ನ ಮೇಲೆ ಕೋಪವಿದ್ದರೆ ನೀನೇ ಬರೆದು ಬೈಯಬೇಕಿತ್ತು. ಮಗುವಿನ ಕೈಯಲ್ಲಿ ಬೈಸುವುದು ಬೇಡವಾಗಿತ್ತು.

ನಾನು ಅದರಲ್ಲಿ ಯಾವ ಮೂಟೆಯನ್ನೂ ಕಟ್ಟಿಲ್ಲ. ಹಗ್ಗಕ್ಕೆ ಗತಿಯಿಲ್ಲದ ಮನೆಯಲ್ಲ ನಮ್ಮದು.

ಕಾರ್ತಿಗೆ ಕೊಡೈಕಾನಲ್ ಬಜಾರಿನಿಂದ ಕಿವಿ ಮುಚ್ಚುವ ಟೋಪಿ ತಂದಿದ್ದೇನೆ. ಕರಡಿ ಮೂತಿ ಇದೆ ಅದರ ಮೇಲೆ. ಹುಡುಗನಿಗೆ ಖುಷಿ. ಚಳಿಗೆ ಅಷ್ಟು ಸಾಕು. ಕಿವಿಕಟ್ಟು ನಿನ್ನ ಟ್ರಂಕಿನಲ್ಲೇ ಇರಲಿ. ನಿನಗೆ ತೊಂದರೆ ಕೊಟ್ಟೆ.

ದುರೈ


ಚಿನ್ನಮನೂರು
24 ನವೆಂಬರ್ 2024

ದುರೈ,

ಇಟ್ಟುಕೋ ಅಂತ ಬರೆದಿದ್ದೀಯ. ನನ್ನದಾಗಿದ್ದರೆ ಇಟ್ಟುಕೊಳ್ಳಬಹುದಿತ್ತು. ವರ್ಷಕ್ಕೊಮ್ಮೆ ಬೇವಿನ ಸೊಪ್ಪು ಬದಲಿಸಿ, ಬಿಸಿಲು ತೋರಿಸಿ, ಮತ್ತೆ ಮಡಿಸಿಡ್ತೀನಿ. ಹೊರಗೆ ತೆಗೆದಾಗೆಲ್ಲ ಆ ಹಳದಿ ನೋಡಿ ಒಂದು ಸಲ ಹೆಸರು ಹೇಳ್ತೀನಿ. ನನ್ನ ಮನೇಲಿ ಹೇಳಿದರೆ ಯಾರಿಗೆ ಏನು ಪ್ರಯೋಜನ? ಇದು ನಿನ್ನ ಮನೆಯ ಹುಡುಗನ ಹೆಸರು, ಅಲ್ಲಿ ಕೇಳಿಸಬೇಕು.

ನೀನು ಅವನನ್ನ ಒರೆಸಿಹಾಕೋಕೆ ನೋಡ್ತಿದ್ದೀಯ ಅಂತ ನನಗನ್ನಿಸ್ತು. ಹೊಸ ಹುಡುಗ ಬಂದ, ಹಳೇ ನೂಲು ಬಿಚ್ಚಿಬಿಡು, ಕುರ್ಚಿಗೆ ಸುತ್ತು, ಮುಗೀತು ಅನ್ನೋ ಹಾಗೆ. ಅದು ನನ್ನ ಹೊಟ್ಟೆ ಉರಿಸಿತು. ತಪ್ಪಾಗಿದ್ದರೆ ಹೇಳು.

ಕರಡಿ ಟೋಪಿ ತೊಳೆದರೆ ಎರಡು ತಿಂಗಳು ಬರುತ್ತೆ.

ಅಕ್ಕ

ದುರೈ ತಾತಾ, ಇಷ್ಟು ಪಾಟಿ ಹೇಳಿದ್ದು. ಕಾಗದ ಮಡಿಸೋ ಮುಂಚೆ ನಾನು ಇದನ್ನು ಸೇರಿಸುತ್ತಿದ್ದೇನೆ, ಅವರಿಗೆ ಗೊತ್ತಿಲ್ಲ. ಕನ್ನಡಕ ಮುರಿದಿಲ್ಲ. ಆಡಿ ತಿಂಗಳಲ್ಲಿ, ಜುಲೈ ಕೊನೆಗೆ, ಪಾಟಿಗೆ ಲಕ್ವ ಹೊಡೆದು ಬಲಗೈ ಬಿದ್ದಿದೆ. ಈಗ ಲೋಟ ಹಿಡಿಯುತ್ತಾರೆ, ಪೆನ್ನು ಹಿಡಿಯಲು ಆಗಲ್ಲ. ಸೈಕಲ್ ಕಡ್ಡಿ ಎರಡೂ ದಿಂಬಿನ ಕೆಳಗಿವೆ, ಎಡಗೈಯಲ್ಲಿ ತಡವಿ ನೋಡುತ್ತಿರುತ್ತಾರೆ. ನಿಮಗೆ ತಿಳಿಸಬಾರದು ಅಂತ ಅಪ್ಪನಿಂದ ಆಣೆ ಮಾಡಿಸಿಕೊಂಡಿದ್ದಾರೆ. ನನ್ನ ಹತ್ತಿರ ಆಣೆ ಕೇಳೋದು ಮರೆತಿದ್ದಾರೆ. ಇಂದುಜಾ.


ಪೂಂಬಾರೈ
3 ಡಿಸೆಂಬರ್ 2024

ಅಕ್ಕ,

ಇಂದುಜಾಳನ್ನು ಬೈಯಬೇಡ. ಅವಳು ತಿಳಿಸಿದಳು.

ಆಡಿ ತಿಂಗಳಿಂದ ನಿನ್ನ ಕೈ ಬಿದ್ದಿದೆ, ನಾನು ಕೂತಲ್ಲಿಂದ ಹೆಣೆದುಕೊಡು ಅಂತ ಬರೆದಿದ್ದೇನೆ. ನೀನೂ ಆಗುವುದಿಲ್ಲ ಅಂತ ಒಂದು ಮಾತು ಬರೆಯಲಿಲ್ಲ. ಓದಿದ ದಿನ ತೋಟಕ್ಕೆ ಹೋಗಲಿಲ್ಲ. ಊಟಕ್ಕೆ ಕೂತು ನನ್ನ ಬಲಗೈಯನ್ನೇ ನೋಡುತ್ತಿದ್ದೆ. "ಯಾಕ್ ತಾತ, ಕೈಯಿ ವಲಿಕುದಾ?" ಅಂತ ಕಾರ್ತಿ ಕೇಳಿದ. ನೋವಿಲ್ಲ ಕಣೋ ಅಂದೆ.

ಒರೆಸಿಹಾಕುತ್ತಿದ್ದೀಯ ಅಂದಿದ್ದೀಯ. ಅಲ್ಲ ಅಕ್ಕ. ಇದನ್ನು ನಾನು ಕಣ್ಣಮ್ಮಾಳ್ ಹತ್ತಿರವೂ ಹೇಳಿರಲಿಲ್ಲ, ನಿನಗೆ ಬರೆಯುತ್ತೇನೆ. ಅವತ್ತು ಆಸ್ಪತ್ರೆಯಲ್ಲಿ ಅವಳು ಅತ್ತು ಸುಸ್ತಾಗಿ ಮಲಗಿದ್ದಳು. ನಾನೊಬ್ಬನೇ ಬೆಂಚಿನ ಮೇಲಿದ್ದೆ. ನರ್ಸಮ್ಮ ಬಾಗಿಲು ತೆರೆದು ಅವನ ಪೂರ್ತಿ ಹೆಸರು ಹೇಳಿ, ಜೊತೆಗೆ ಬಂದೋರು ಯಾರು ಅಂತ ಕೂಗಿದಳು. ಬಾಟಲಿ ಬದಲಿಸುವುದಕ್ಕೋ ಮಾತ್ರೆ ತರುವುದಕ್ಕೋ ಕರೆದಿರಬೇಕು ಅಂದುಕೊಂಡೆ. ತಟ್ಟನೆ ಎದ್ದು ನಿಂತು "ನಾನು, ನಾನೇ" ಅಂದೆ. ಎಷ್ಟು ಬೇಗ ಎದ್ದೆ ಅಂದರೆ ಬೆಂಚೇ ಹಿಂದಕ್ಕೆ ಸರಿಯಿತು. ಆಮೇಲೆ ಅವಳು ಹೇಳಿದ್ದು ನಿನಗೆ ಗೊತ್ತೇ ಇದೆ.

ಅವತ್ತಿನಿಂದ ಆ ಹೆಸರು ಬಾಯಿಗೆ ಬಂದರೆ ನಾನು ಮತ್ತೆ ಆ ಬೆಂಚಿನಿಂದ ಎದ್ದು ನಿಲ್ಲಬೇಕಾಗುತ್ತದೆ. ಕಣ್ಣಮ್ಮಾಳ್ ಅವನ ಹೆಸರು ಹೇಳಿದಾಗೆಲ್ಲ ನಾನು ಹೊರಗೆ ಹೋಗಿ ನಿಲ್ಲುತ್ತಿದ್ದೆ. ಗಂಡನಿಗೆ ಕಲ್ಲೆದೆ ಅಂದುಕೊಂಡೇ ಹೋದಳು ಅವಳು. ಕುರ್ಚಿ ಹಾಕಿಕೋ ಅಂದದ್ದು ಅದಕ್ಕೆ. ಬೆಳ್ಳುಳ್ಳಿ ಊರಲು ಆಳು ಸಿಗುತ್ತಾರೆ.

ಅಭಿರಾಮಿಗೆ ನಿನ್ನ ಕೈಯ ವಿಷಯ ಹೇಳಿದ್ದೇನೆ. ಶನಿವಾರ ಕಾರ್ತಿಯನ್ನು ಕರೆದುಕೊಂಡು ನಿನ್ನನ್ನು ನೋಡಲು ಬರುತ್ತಾಳೆ. ಹೊಸ ಬೆಳ್ಳುಳ್ಳಿ ಕಳಿಸುತ್ತೇನೆ, ಹಾಲಿನಲ್ಲಿ ಬೇಯಿಸಿ ಕುಡಿ.

ದುರೈ


ಚಿನ್ನಮನೂರು
17 ಡಿಸೆಂಬರ್ 2024, ಮಾರ್ಗಳಿ

ತಮ್ಮಾ,

ಇಂದುಜಾಳನ್ನ ಬೈದೆ, ಆಮೇಲೆ ಕರೆದು ಎರಡು ಅಧಿರಸ ಕೊಟ್ಟೆ. ನಿನ್ನ ಕಾಗದ ಓದೋವಾಗ ಇವಳು ಕೂಗೋದನ್ನ ನಿಲ್ಲಿಸಿ, ನನ್ನ ಕೈಗೆ ಕೊಟ್ಟು ಹೊರಗೆ ಹೋದಳು. ನಾನೇ ಓದಿಕೊಂಡೆ. ಬೆಂಚಿನ ವಿಷಯ ನನಗೆ ಗೊತ್ತಿರಲಿಲ್ಲ ದುರೈ. ನಾನು ನಿನ್ನನ್ನ ತಪ್ಪು ತಿಳಿದಿದ್ದೆ.

ಅಭಿರಾಮಿ ಬಂದು ಹೋದಳು. ಟ್ರಂಕಿನಿಂದ ಕಿವಿಕಟ್ಟು ತೆಗೆಸಿ ಅವಳ ಮಡಿಲಲ್ಲಿ ಹಾಕಿ, ನೋಡು ನಿಮ್ಮಪ್ಪ ಮೂಟೆ ಕಟ್ಟಿದ ಅಂದಗೇಡು ಅಂದೆ. ಅವಳು ಆ ಜಾಳು ಜಾಗ ಹಿಡಿದುಕೊಂಡು ನಗೋಕೆ ಶುರು ಮಾಡಿದಳು. ನೋಡಿದರೆ ಕಣ್ಣಲ್ಲಿ ನೀರು. ನನ್ನ ಕಿವಿಗೆ ಬಾಯಿಟ್ಟು ಹೇಳಿದ್ದನ್ನ ಹಾಗೇ ಬರೆಸ್ತೀನಿ.

"ಅಪ್ಪ ಕಟ್ಲಿಲ್ಲ ಅತ್ತೆ. ಅದ್ ನಾವು, ನಾನೂ ಅಣ್ಣನೂ. ಕೊನೆ ಮನೆ ದಾಟೋ ಮಟ್ಟ ಅವನೇ ಕಟ್ಕೊಂಡಿರ್ತಾನೆ, ಯಾರೂ ನೋಡ್ಬಾರ್ದುನ್ನು. ವಳವು ತಿರುಗಿದ್ಮೇಲೆ ಬಿಚ್ಚಿ ಒಂದ್ ತುದಿ ನನ್ ತಲೇಗೆ, ಒಂದ್ ತುದಿ ಅವನ್ ತಲೇಗೆ. ಒಂದ್ ಕಿವಿ ಅವಂಗೆ, ಒಂದ್ ಕಿವಿ ನಂಗೆ. ಮಾರ್ನೇ ದಿನ ಕಿವಿ ಮಾತ್ತಿಕೊಳ್ಳೋದು, ಬಲದ್ದು ಎಡಕ್ಕೆ. ನಾ ಓಡಿದ್ರೆ ಅವನೂ ಓಡ್ಬೇಕು, ಇಲ್ಲಾಂದ್ರೆ ಇಬ್ರೂ ಬೀಳ್ತೀವಿ."

ಇಸ್ಕೂಲು ಬರೋ ಮುಂಚೆ ಬಿಚ್ಚಿಕೊಳ್ತಿದ್ದರಂತೆ. ಸಂಜೆ ಮತ್ತೆ ಹಾಗೇ. ಎರಡು ತಲೆ ನಡುವೆ ಎಳೆದಾಡಿ ನಿನ್ನ ಹಸಿರು ಹಿಗ್ಗಿದೆ.

ಹೆಣಿಗೆ ಮುಟ್ಟಿ ನೋಡಿದರೆ ಹಾಕ್ಕೊಂಡ ಹುಡುಗನ ಬುದ್ಧಿ ಹೇಳ್ತೀನಿ ಅಂತ ಜಂಬ ಇತ್ತು ನನಗೆ. ವರ್ಷಾವರ್ಷ ಬಿಸಿಲಲ್ಲಿ ಹಾಕಿ ಆ ಜಾಗ ನೋಡಿದರೂ ಇದು ತಲೆಗೆ ಹೋಗಲಿಲ್ಲ. ಹೆಣ್ಣುಮಕ್ಕಳಿಗೂ ಕಿವಿ ಇದೆ ಅನ್ನೋದು ನನಗೇ ಹೊಳೀಲಿಲ್ಲ ನೋಡು. ನಿನಗೆ ಕಿವಿಕಟ್ಟು ಕಟ್ಟಿ ಬೆಟ್ಟಕ್ಕೆ ಕಳಿಸೋವಾಗ ನನಗೂ ಒಂದು ಬೇಕು ಅಂತ ನಾನು ಕೇಳಿದವಳಲ್ಲ. ಕೇಳದೆ ಕೊಟ್ಟವನು ಆ ಹುಡುಗ. ಮೂಟೆಯ ಮಾತು ವಾಪಸ್ಸು ತಗೊಂಡೆ.

ಅಭಿರಾಮಿ ಹೆಣಿಗೆ ಕಲೀತೀನಿ ಅಂದಳು. ಅವಳಿಗೆ ಮುಂಚೆಯೇ ಕಲಿಸಬೇಕಿತ್ತು ನಾನು. ಮನೋಜ್‌ಕುಮಾರನಿಗೆ ಮಗ ಹುಟ್ಟಿದ್ದರೆ ಅವಳೇ ತಾನೇ ಅತ್ತೆ? ಅವನು ಹೋದ ಮೇಲೆ ಇನ್ನು ಯಾರಿಗೆ ಅಂತ ಸುಮ್ಮನಾಗಿಬಿಟ್ಟೆ. ನಾವು ಮಗ ಹೋದ, ಮಗ ಹೋದ ಅಂತ ಅಳೋವಾಗ ಇವಳದ್ದೂ ಎಷ್ಟು ಹೋಯಿತು ಅಂತ ಯಾರೂ ಕೇಳಲಿಲ್ಲ. ಸೈಕಲ್ ಕಡ್ಡಿ ಅವಳ ಕೈಗೆ ಕೊಟ್ಟು, ನನ್ನ ಎಡಗೈ ಅವಳ ಕೈ ಮೇಲಿಟ್ಟು ತೋರಿಸಿದೆ. ಮೊದಲು ಹೆಣೆದದ್ದು ಇಲಿ ಕಡಿದ ಹಾಗಿತ್ತು.

ಅರ್ಧವರ್ಷದ ಪರೀಕ್ಷೆ ರಜೆಗೆ ಮತ್ತೆ ಬರ್ತಾಳೆ. ನೀನೂ ಜೊತೆಗೆ ಬಾ. ಬಿಚ್ಚೋಳು ಅವಳು, ಕೈ ಚಾಚೋನು ನೀನು. ಹೆಸರು ಹೇಳೋಕೆ ನೋಡು. ಇದು ಶಿಕ್ಷೆ ಅಲ್ಲಪ್ಪ. ಎರಡು ಕಿವಿಗೂ ಅದನ್ನ ಕಟ್ಟಿಕೊಂಡೋರಲ್ಲಿ ಉಳಿದಿರೋದು ನೀನೊಬ್ಬನೇ.

ಅಕ್ಕ


ಪೂಂಬಾರೈ
2 ಜನವರಿ 2025

ಅಕ್ಕ,

ಹೇಳದೆ ಕೇಳದೆ ಎದ್ದು ಬಂದುಬಿಟ್ಟೆ. ಊಟಕ್ಕೂ ನಿಲ್ಲಲಿಲ್ಲ. ನನಗಾಗಿ ಹುರುಳಿ ಸಾರು ಮಾಡಿಸಿದ್ದೆಯಂತೆ, ಅಭಿರಾಮಿ ಹೇಳಿದಳು. ಕ್ಷಮಿಸು.

ಬಸ್ಸಿನಲ್ಲಿ ನಿನ್ನೂರಿಗೆ ಬರುವಾಗ ಬತ್ತಲಗುಂಡಿನವರೆಗೂ ಆ ಹೆಸರನ್ನು ಬಾಯೊಳಗೇ ಅಭ್ಯಾಸ ಮಾಡಿಕೊಂಡೇ ಬಂದಿದ್ದೆ. ಪಕ್ಕದಲ್ಲಿದ್ದವರು ಮಂತ್ರ ಹೇಳುತ್ತಿದ್ದಾನೆ ಅಂದುಕೊಂಡಿರಬೇಕು. ನಿನ್ನ ಮನೆಯ ಜಗಲಿಯಲ್ಲಿ ಕೂತು ಕೈ ಚಾಚಿದೆ. ಅಭಿರಾಮಿ ತುದಿ ಹುಡುಕಿ ಎಳೆದಳು. ಹಳದಿ ನೂಲು ನನ್ನ ಕೈಗೆ ಮೊದಲ ಸುತ್ತು ಬಂತು. ಹೆಣಿಗೆಯಿಂದ ಬಿಚ್ಚಿಕೊಂಡ ನೂಲು ಇನ್ನೂ ಸುರುಳಿ ಸುರುಳಿಯಾಗೇ ಇತ್ತು. ಅಭಿರಾಮಿ ನಿಲ್ಲಿಸಿದಳು. ನೀನು ನನ್ನ ಬಾಯಿಯನ್ನೇ ನೋಡುತ್ತಾ ಕೂತೆ. ನಿನಗೆ ಕೇಳಿಸುವುದಿಲ್ಲ, ತುಟಿ ಅಲುಗಿದರೆ ಸಾಕು ಅಂತ ನನಗೆ ಗೊತ್ತಿತ್ತು. ತುಟಿಯೂ ಅಲುಗಲಿಲ್ಲ.

ಕೊನೆಗೆ ಅಭಿರಾಮಿಯೇ ಅವನ ಹೆಸರು ಹೇಳಿದಳು. ನಿನ್ನ ಕಡೆ ತಿರುಗಿ ದೊಡ್ಡದಾಗಿ ಹೇಳಿದಳು. ನೀನು "ಒಂದು ಕಿವಿ ಅವಳ್ದೂ ಅಲ್ವಾ, ಆಯ್ತು, ಬಿಚ್ಚು" ಅಂದೆ. ಆಮೇಲೆ ಹಸಿರು ಬಂದಾಗ ನಾನೇ ದುರೈ ಅಂದೆ, ಕಂದು ಬಂದಾಗ ಕರುಪ್ಪಯ್ಯ ಅಂದೆ. ಅಪ್ಪನ ಹೆಸರು ಹೇಳುವುದು ಏನೂ ಕಷ್ಟವಿಲ್ಲ. ಹೋಗುವ ವಯಸ್ಸಿಗೆ ಹೋದವರು.

ಅಭಿರಾಮಿ ಅರ್ಧ ಹೆಣಿಗೆ ಚೀಲದಲ್ಲಿಟ್ಟುಕೊಂಡು ಬಂದಿದ್ದಾಳೆ. ಪೊಂಗಲ್ ರಜೆಯಲ್ಲಿ ನಿನ್ನ ಹತ್ತಿರವೇ ಕೂತು ಮುಗಿಸುತ್ತಾಳಂತೆ. ಕಾರ್ತಿಯ ಕರಡಿ ಟೋಪಿ ನೀನು ಹೇಳಿದ ಹಾಗೇ ತೊಳೆದ ಮೇಲೆ ಕೆಟ್ಟಿತು. ಈಗ ಮತ್ತೆ ಚೀಲ ಹಲ್ಲಲ್ಲಿ ಕಚ್ಚಿಕೊಂಡು ನಿಲ್ಲುತ್ತಾನೆ.

ನಾನು ಬಂದರೆ ನಿನಗೂ ನನಗೂ ಸಂಕಟ. ಬರುವುದಿಲ್ಲ.

ದುರೈ


ಚಿನ್ನಮನೂರು
16 ಜನವರಿ 2025, ಪೊಂಗಲ್ ಮರುದಿನದ ಮರುದಿನ

ತಮ್ಮಾ,

ಕಿವಿಕಟ್ಟು ಮುಗೀತು. ಅದರ ಜೊತೆಯಲ್ಲೇ ಈ ಕಾಗದಾನೂ ಅಭಿರಾಮಿ ಕೈಗೆ ಕೊಟ್ಟು ಕಳಿಸ್ತಿದ್ದೀನಿ.

ಕಂದು ಭಾಗ ನೋಡಬೇಡ, ಅದು ಅವಳು ಕಲೀತಾ ಹೆಣೆದದ್ದು. ಹಸಿರಿಗೆ ಬರೋ ಹೊತ್ತಿಗೆ ಕೈ ಕೂತಿತು. ಆಮೇಲೆ ಹಳದಿ. ಆ ಭಾಗದಲ್ಲಿ ಒಂದೂ ತಪ್ಪಿಲ್ಲ, ನೋಡು ಬೇಕಾದರೆ. ಕೊನೆಗೆ ನೀಲಿ. ಉದ್ದ ಜಾಸ್ತಿಯಾಗಿದೆ. ನಾನೇ ಹಾಗೆ ಮಾಡಿಸಿದ್ದು. ನಿನ್ನ ಪಕ್ಕದ ಮನೆಯ ತೇನ್‌ಮೊಳಿ ಅನ್ನೋ ಹುಡುಗಿ ಕಾರ್ತಿ ಜೊತೆ ಬಸ್ಸಿಗೆ ನಿಲ್ತಾಳಂತೆ. ಇನ್ನು ಮೇಲೆ ನಮ್ಮ ಮನೆ ಕಿವಿಕಟ್ಟು ಎರಡು ತಲೆಗೆ ಸಾಕಾಗೋ ಅಷ್ಟು ಇರಲಿ, ಯಾರೂ ತಿರುವು ದಾಟೋವರೆಗೆ ಕಾಯೋದು ಬೇಡ.

ನೀನು ಹೇಳಲಿಲ್ಲ ಅಂತ ನನಗೆ ಕೋಪ ಇಲ್ಲ. ದುಃಖ ಇದೆ, ಇಲ್ಲ ಅಂದರೆ ಸುಳ್ಳಾಗುತ್ತೆ. ಆದರೆ ಒಂದು ನೋಡಿದೆ. ಅಷ್ಟು ಹೊತ್ತೂ ನೀನು ಚಾಚಿದ ಕೈ ಕೆಳಗೆ ಇಳಿಸಲಿಲ್ಲ. ಹುಡುಗನಾಗಿದ್ದಾಗ ನನ್ನ ಬೇರೆ ಹೆಣಿಗೆಯ ನೂಲು ಹಿಡಿ ಅಂದರೆ ಅರ್ಧಕ್ಕೇ ಕೈ ಬಿಟ್ಟು ಆಟಕ್ಕೆ ಓಡಿ ಅಪ್ಪನ ಹತ್ತಿರ ಒದೆ ತಿಂದಿದ್ದೆಯಲ್ಲ, ಅದು ನೆನಪಾಯಿತು. ಇನ್ನು ನಾನು ನಿನ್ನನ್ನ ಕೇಳಲ್ಲ. ನನಗೆ ಕೇಳಿಸೋದೂ ಇಲ್ಲ. ಕೇಳೋ ಕಿವಿ ಇರೋರು ನಿನ್ನ ಮನೇಲಿದ್ದಾರೆ.

ಕೆಳಗಿರೋ ಸೊಟ್ಟ ಅಕ್ಷರ ನನ್ನದೇ. ಎಡಗೈಲಿ ಬರೆದದ್ದು. ಇಂದುಜಾ ನಗ್ತಿದ್ದಾಳೆ.

ಪೊನ್ನಮ್ಮಾಳ್


ಪೂಂಬಾರೈ
21 ಜನವರಿ 2025

ಅಕ್ಕ,

ನಿನ್ನೆ ಇಸ್ಕೂಲು ತೆರೆಯಿತು. ಅಭಿರಾಮಿ ಮುಂಚಿನ ಬಸ್ಸಿಗೇ ಹೋಗಿದ್ದಳು, ಹುಡುಗನನ್ನು ಬಸ್ಸು ಹತ್ತಿಸುವ ಕೆಲಸ ನನ್ನದು. ಕಿವಿಕಟ್ಟು ನಾನೇ ಕಟ್ಟಿದೆ. ಗದ್ದದ ಕೆಳಗೆ ಗಂಟು ಹಾಕುವುದು ಕೈಗೆ ಮರೆತಿರಲಿಲ್ಲ. ನಿನ್ನ ಮಾತಿನ ಹಾಗೇ ಉದ್ದ ಜಾಸ್ತಿ, ಎರಡು ಸುತ್ತು ಬಂದರೂ ತುದಿ ಸೊಂಟದವರೆಗೆ ಇಳಿಯಿತು.

ಮಂಜು ಕವಿದಿತ್ತು. ತೇನ್‌ಮೊಳಿಗೆ ನೆಗಡಿಯಂತೆ, ಬಂದಿರಲಿಲ್ಲ. ನಾವಿಬ್ಬರೇ ಬಸ್ ಸ್ಟಾಪಿನ ಕಲ್ಲಿನ ಹತ್ತಿರ ನಿಂತಿದ್ದೆವು. ಹುಡುಗ ತುದಿ ಹಿಡಿದುಕೊಂಡು ಬಣ್ಣ ಎಣಿಸತೊಡಗಿದ. ಚಿನ್ನಮನೂರಲ್ಲಿ ನಾವು ನೂಲು ಬಿಚ್ಚುವಾಗ ಅವನು ಕಾಲುವೆಯ ಹತ್ತಿರ ಆಡಲು ಹೋಗಿದ್ದ, ನಿನಗೆ ನೆನಪಿರಬಹುದು.

"ತಾತಾ, ನೀಲಿ ನಂದು. ಪಚ್ಚೆ ಯಾರ್ದು?"

ನಂದು ಅಂದೆ.

"ಬ್ರೌನು?"

ನಮ್ಮಪ್ಪಂದು, ಕರುಪ್ಪಯ್ಯ ಅಂದೆ.

"ಮಂಜ ಯಾರ್ದು?"

ಅಷ್ಟರಲ್ಲಿ ಕೆಳಗಿನ ತಿರುವಿನಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಬಸ್ಸು ಬರಲಿ, ತಪ್ಪಿಸಿಕೊಂಡೆ ಅಂದುಕೊಂಡೆ. ಆದರೆ ಹುಡುಗ ಬಸ್ಸಿನ ಕಡೆ ನೋಡಲೇ ಇಲ್ಲ. ಹಳದಿಯ ಮೇಲೆ ಬೆರಳಿಟ್ಟು ನನ್ನ ಮುಖ ನೋಡುತ್ತಾ ನಿಂತ. ಅಭಿರಾಮಿ ಬಿಚ್ಚುವುದನ್ನು ನಿಲ್ಲಿಸಿದಾಗ ನೀನು ನೋಡಿದ್ದೆಯಲ್ಲ, ಹಾಗೇ.

"ಮನೋಜ್‌ಕುಮಾರ್" ಅಂದೆ.

ಹೇಳಿದ ಮೇಲೆ ಎದ್ದು ನಿಲ್ಲಬೇಕಾಗುತ್ತದೆ ಅಂತ ಕಾದೆ ಅಕ್ಕ. ಆದರೆ ನಾನು ಆಗಲೇ ನಿಂತಿದ್ದೆ. ಬಸ್ಸಿಗೆ ನಿಂತಿದ್ದೆ. ಮೊಮ್ಮಗನ ಊಟದ ಚೀಲ ನನ್ನ ಕೈಯಲ್ಲಿತ್ತು. ಬಾಗಿಲು ತೆರೆದು ಯಾರೂ ಬರಲಿಲ್ಲ.

"ಯಾರ್ ತಾತ ಅದು?"

"ನನ್ ಮಗ. ನಿಮ್ಮಮ್ಮನ ಅಣ್ಣ. ನಿಂಗೆ ಮಾಮ."

"ಮಾಮ ಎಲ್ಲಿ?"

ಸತ್ತುಹೋದ ಕಣೋ, ಸಣ್ಣ ಹುಡುಗನಾಗಿದ್ದಾಗಲೇ ಅಂದೆ. ಅವನು ಸ್ವಲ್ಪ ಯೋಚಿಸಿ, "ಅವಂಗೂ ಕಿವಿ ಕುಳಿರುತ್ತಿತ್ತಾ?" ಅಂದ. ಹೂಂ, ಕುಳಿರುತ್ತಿತ್ತು, ಆದರೂ ಒಂದು ಕಿವಿ ನಿಮ್ಮಮ್ಮನಿಗೆ ಕೊಡುತ್ತಿದ್ದ ಅಂದೆ. ಆಮೇಲೆ ನನ್ನ ಬಾಯಿ ನಿಲ್ಲಲಿಲ್ಲ. ರೋಡ್ ರೋಲರ್ ಹಿಂದೆ ಹೋಗಿ ಊಟದ ಹೊತ್ತು ಮರೆತದ್ದು, ಹಳದಿಗಾಗಿ ನೆಲದಲ್ಲಿ ಹೊರಳಾಡಿದ್ದು, ಎಲ್ಲ ಹೇಳಿದೆ. ಬಸ್ಸು ಬಂದು ನಿಂತಿತು, ಕಂಡಕ್ಟರ್ ವಿಸಿಲ್ ಹಾಕಿ ಬೈದ, ಬಸ್ಸು ಹೊರಟೇ ಹೋಯಿತು. ಇಬ್ಬರೂ ಅಲ್ಲೇ ನಿಂತಿದ್ದೆವು. ಮುಂದಿನ ಬಸ್ಸಿಗೆ ಹತ್ತಿಸಿದೆ. ಇಸ್ಕೂಲಿನಲ್ಲಿ ತಡವಾಗಿ ಬಂದನೆಂದು ಹೊರಗೆ ನಿಲ್ಲಿಸಿದರಂತೆ. ಅಭಿರಾಮಿ ಸಂಜೆ ಬಂದು ಯಾಕಪ್ಪ ತಡವಾಯಿತು ಅಂದಳು. ಹೇಳಿದೆ, ಹೆಸರು ಹಿಡಿದೇ ಹೇಳಿದೆ. ಅವಳು ಕೈಯಲ್ಲಿದ್ದ ಪುಸ್ತಕದ ಕಟ್ಟನ್ನು ಕೆಳಗಿಟ್ಟು ನನ್ನ ಪಕ್ಕದಲ್ಲಿ ಕೂತಳು. ಅಮ್ಮ ಇರಬೇಕಿತ್ತು ಅಪ್ಪ ಅಂತ ಅವಳು ಅನ್ನಲಿಲ್ಲ. ನಾನೇ ಅಂದೆ.

ಇವತ್ತು ಬೆಳಿಗ್ಗೆ ತೇನ್‌ಮೊಳಿ ಬಂದಿದ್ದಳು. ಕಾರ್ತಿ ಅವಳಿಗೆ ಒಂದು ತುದಿ ಸುತ್ತಿ, ಬಸ್ಸಿನ ಕಿಟಕಿಯಲ್ಲಿ ಕೂತು, ಕಂಡಕ್ಟರ್ ಊರು ಕೂಗುವ ಹಾಗೆ ಬಣ್ಣ ತೋರಿಸಿ ಕೂಗಿದ. ಕರುಪ್ಪಯ್ಯ, ದುರೈ, ಮನೋಜ್‌ಕುಮಾರ್, ಕಾರ್ತಿ! ಬಸ್ಸು ತಿರುವು ದಾಟುವವರೆಗೂ ಕೂಗಿದ. ಬಸ್ಸಿನಲ್ಲಿದ್ದ ಹೆಂಗಸರು ನನ್ನ ಕಡೆ ನೋಡಿದರು. ನಾನು ಕೈ ಎತ್ತಿ ತೋರಿಸಿದೆ, ಹೌದು, ನಮ್ಮವರೇ ಅಂತ.

ಮುಂದಿನ ತಿಂಗಳು, ಮಾಸಿ ಬಂದರೆ, ಬೆಳ್ಳುಳ್ಳಿ ಕೆಲಸ ಹಗುರವಾಗುತ್ತದೆ. ಆಗ ಬರುತ್ತೇನೆ. ಹುರುಳಿ ಸಾರು ಮಾಡಿಸು, ಈ ಸಲ ಉಂಡೇ ಏಳುತ್ತೇನೆ.

ಮನೋಜ್‌ಕುಮಾರನ ಅಪ್ಪ,
ದುರೈ